ಕರಸ್ಥಲದ ಲಿಂಗವೂ ಕಾವಲಿನ ಕೋವಿಯೂ

ಬೆಟ್ಟದ ನೆತ್ತಿಯಲ್ಲಿ ಬಿಡಾರ ಹೂಡಿದವರು ಕಾಡುಪ್ರಾಣಿಗಳಿಗೆ ಬೆದರಿ ಬಾಳಲಾಗದೆಂಬ ದೃಷ್ಟಾಂತವನ್ನು ಅಕ್ಕಮಹಾದೇವಿಯವರು ತಮ್ಮದೊಂದು ವಚನದಲ್ಲಿ ಕೊಟ್ಟಿರುವುದು ಭಕ್ತರೆಲ್ಲರೂ ಬಲ್ಲ ಸಂಗತಿ. ಲೋಕದ ನಡುವೆ ಬಾಳುವವರು ಪರರ ಹೊಗಳಿಕೆ ತೆಗಳಿಕೆಗಳಿಂದ ಮನಸ್ಸಿನ ನೆಮ್ಮದಿಯನ್ನು ಕೆಡಿಸಿಕೊಳ್ಳಬಾರದೆಂಬುದೇ ಆ ವಚನದ ತಾತ್ಪರ್ಯ. ಅಲ್ಲಿ ಮೃಗವು ಕೇವಲ ದೃಷ್ಟಾಂತ. ಆದರೆ ಆ ದೃಷ್ಟಾಂತವೇ ಮೈವೆತ್ತು, ಸೊಂಡಿಲನ್ನಾಡಿಸುತ್ತ, ನಡುರಾತ್ರಿಯಲ್ಲಿ ಹಟ್ಟಿಯ ಬಾಗಿಲಿಗೆ ಬಂದು ನಿಂತರೆ ಗೃಹಸ್ಥನಾದವನು ಏನು ಮಾಡಬೇಕು? ಈ ಪ್ರಶ್ನೆ ಶಾಸ್ತ್ರಚರ್ಚೆಗೆಂದು ಹುಟ್ಟಿದುದಲ್ಲ. ನಾಡಿನ ಸಾವಿರಾರು ಒಕ್ಕಲುಮನೆಗಳಲ್ಲಿ ದಿನವೂ ಏಳುತ್ತಿರುವ ಪ್ರಶ್ನೆ.

ಗುಂಡ್ಲುಪೇಟೆ, ಚಾಮರಾಜನಗರಗಳ ಕಾಡಂಚಿನ ಊರುಗಳಲ್ಲಿಯೂ, ಸಕಲೇಶಪುರ, ಆಲೂರು, ಸೋಮವಾರಪೇಟೆಗಳ ಮಲೆನಾಡಿನಲ್ಲಿಯೂ ಅನೇಕ ಶಿವಭಕ್ತ ಮನೆತನಗಳು ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದಿವೆ. ಇವು ಮಾಂಸವನ್ನು ಮುಟ್ಟದ ಮನೆಗಳು. ಬೆಳಗಾದರೆ ವಿಭೂತಿಯನ್ನು ಧರಿಸಿ, ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಪೂಜಿಸಿದ ಬಳಿಕವೇ ನೀರು ಕುಡಿಯುವ ಮನೆಗಳು. ಇಂತಹ ಕೆಲವು ಮನೆಗಳ ನಡುಮನೆಯ ಗೋಡೆಯ ಗೂಟದಲ್ಲಿ ಒಂದು ಕೋವಿಯೂ ತೂಗಾಡುತ್ತಿರುವುದುಂಟು. ತಾತನ ಕಾಲದಲ್ಲಿ ಬೆಳೆಯ ಕಾವಲಿಗೆಂದು ಪರವಾನಗಿ ಪಡೆದುದು, ಮಗನ ಹೆಸರಿಗೆ ಬಂದು, ಈಗ ಮೊಮ್ಮಗನ ಹೆಸರಿನಲ್ಲಿರುತ್ತದೆ. ಲಿಂಗಪೂಜೆಯಲ್ಲಿ ಲಿಂಗಕ್ಕೆ ಪೀಠವಾಗುವುದು ಎಡದ ಅಂಗೈ. ಕೋವಿಯನ್ನು ಗುರಿ ಹಿಡಿಯುವಾಗ ಅದರ ನಳಿಗೆಯನ್ನು ಹೊರುವುದೂ ಅದೇ ಎಡದ ಅಂಗೈ. ಒಂದೇ ಕೈ ಬೆಳಿಗ್ಗೆ ಅದನ್ನೂ ರಾತ್ರಿ ಇದನ್ನೂ ಹೊರಬಹುದೇ ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಕಾಡಿನಿಂದ ದೂರದಲ್ಲಿ ಕುಳಿತು ಈ ಪ್ರಶ್ನೆಗೆ ತೀರ್ಪು ಕೊಡುವುದು ಬಹು ಸುಲಭ. 2023ರ ಮೇ ತಿಂಗಳ ಗಣತಿಯಲ್ಲಿ ಕರ್ನಾಟಕದ ಕಾಡುಗಳಲ್ಲಿ 6,395 ಆನೆಗಳಿವೆಯೆಂದು ಅಂದಾಜಾಯಿತು. 2022ರ ಎಣಿಕೆಯಲ್ಲಿ 563 ಹುಲಿಗಳು ಕಂಡುಬಂದವು. ನಾಡಿಗೆ ಇದು ಹೆಮ್ಮೆಯ ಮಾತು. ಆದರೆ ಕಾಡಂಚಿನ ಒಕ್ಕಲಿಗನ ಪಾಲಿಗೆ ಇದೇ ನಿದ್ದೆಯಿಲ್ಲದ ರಾತ್ರಿಗಳ ಲೆಕ್ಕ. ಬೆಳೆದ ಆನೆಯೊಂದಕ್ಕೆ ದಿನಕ್ಕೆ ನೂರು ಕಿಲೋಗ್ರಾಮಿಗೂ ಮಿಕ್ಕಿ ಮೇವು ಬೇಕು. ತೆನೆಗಟ್ಟಿದ ಭತ್ತದ ಗದ್ದೆಗೋ ಗೊನೆ ಬಿಟ್ಟ ಬಾಳೆಯ ತೋಟಕ್ಕೋ ಒಂದು ಹಿಂಡು ಇಳಿಯಿತೆಂದರೆ, ಅದು ತಿಂದುದಕ್ಕಿಂತ ತುಳಿದುದೇ ಹೆಚ್ಚು. ಆರು ತಿಂಗಳ ದುಡಿಮೆ, ಸಾಲ ಮಾಡಿ ತಂದ ಬೀಜ ಗೊಬ್ಬರ, ಮಗಳ ಮದುವೆಗೆಂದು ಕಟ್ಟಿಕೊಂಡ ಲೆಕ್ಕ, ಎಲ್ಲವೂ ಬೆಳಗಾಗುವಷ್ಟರಲ್ಲಿ ಮಣ್ಣುಪಾಲು. ಹಾಲಿನ ಕ್ಯಾನನ್ನು ಹೊತ್ತು ಮುಂಜಾನೆ ಡೇರಿಗೆ ಹೊರಟವನು ಕಾಫಿತೋಟದ ತಿರುವಿನಲ್ಲಿ ಒಂಟಿ ಸಲಗಕ್ಕೆ ಎದುರಾಗಿ ಹಿಂದಿರುಗದಿರುವುದೂ ಉಂಟು. ಹೀಗಿರುವಾಗ ಕೋವಿಯನ್ನು ಹೆಗಲಿಗೇರಿಸಿದವನನ್ನು ಕೊಲೆಗಡುಕನೆಂದು ಒಂದೇ ಮಾತಿನಲ್ಲಿ ಕರೆದುಬಿಡುವುದು ದಯೆಯ ಲಕ್ಷಣವೂ ಅಲ್ಲ, ನ್ಯಾಯದ ಲಕ್ಷಣವೂ ಅಲ್ಲ.

ಮೊದಲು ಕಾನೂನು ಎಲ್ಲಿ ಗೆರೆ ಎಳೆದಿದೆಯೆಂಬುದನ್ನು ನೋಡಬಹುದು. 1959ರ ಆಯುಧಗಳ ಕಾಯಿದೆಯು ನಿಜವಾಗಿ ಬೆಳೆ ರಕ್ಷಣೆಗೆಂದೇ ಬೇಕಾದ, ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಲು ಅವಕಾಶ ಮಾಡಿದೆ. ಆದರೆ ಕೋವಿಯನ್ನು ಇಟ್ಟುಕೊಳ್ಳುವ ಅಪ್ಪಣೆಯು ಕೊಲ್ಲುವ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಆನೆ, ಹುಲಿಗಳಂತಹ ಪ್ರಾಣಿಗಳು ಬೆಳೆ ತಿಂದವೆಂಬ ಕಾರಣಕ್ಕೆ ಅವನ್ನು ಕೊಲ್ಲುವಂತಿಲ್ಲ. ಅವು ಮನುಷ್ಯರ ಜೀವಕ್ಕೆ ಅಪಾಯಕಾರಿಯಾದಾಗಲೂ, ಹಿಡಿದು ಸಾಗಿಸುವ ದಾರಿಯಿಲ್ಲವೆಂದು ಮನದಟ್ಟಾದ ಮೇಲೆಯೇ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅಪ್ಪಣೆ ಹೊರಡಬೇಕು. ಕಾಡುಹಂದಿಯಂತಹ ಪ್ರಾಣಿಗಳು ನಿಂತ ಬೆಳೆಗೆ ಹಾನಿ ಮಾಡುವಾಗಲೂ ಅಧಿಕಾರಿಗಳ ಅಪ್ಪಣೆಯಿಲ್ಲದೆ ಕೈಯೆತ್ತುವಂತಿಲ್ಲ. ಒಂದು ಸಂದರ್ಭದಲ್ಲಿ ಮಾತ್ರ ಕಾಯಿದೆಯು ಅಪ್ಪಣೆಯನ್ನು ಕೇಳುವುದಿಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣವನ್ನು ಉಳಿಸಿಕೊಳ್ಳಲು ಸದ್ಭಾವನೆಯಿಂದ ಮೃಗವನ್ನು ಕೊಂದರೂ ಗಾಯಗೊಳಿಸಿದರೂ ಅದು ಅಪರಾಧವಲ್ಲವೆಂದು ಅದರ 11ನೆಯ ಕಲಮು ಹೇಳುತ್ತದೆ. ಆದರೆ ಕಾಯಿದೆಯನ್ನು ಮುರಿಯಲು ಹೊರಟವನಿಗೆ ಈ ರಕ್ಷಣೆಯಿಲ್ಲ. ಹಾಗೆ ಸತ್ತ ಮೃಗವೂ ಸರ್ಕಾರದ ಸ್ವತ್ತೇ ಹೊರತು ಕೊಂದವನದಲ್ಲ. ಅಂದರೆ ಜೀವಕ್ಕೆ ಒಂದು ತೂಕ, ಫಸಲಿಗೆ ಇನ್ನೊಂದು ತೂಕವೆಂಬುದನ್ನು ಕಾನೂನೂ ಒಪ್ಪಿದೆ.

ಆದರೆ ಕಾನೂನು ನಿಲ್ಲುವ ಸ್ಥಳದಿಂದಲೇ ಆಚಾರವು ಮುಂದಕ್ಕೆ ನಡೆಯಬೇಕಾಗುತ್ತದೆ. ಕಾನೂನು ಕೈಯನ್ನು ನೋಡುತ್ತದೆ; ಶರಣರು ಮನಸ್ಸನ್ನೂ ನೋಡಿದರು. ಸಕಲ ಜೀವಿಗಳ ಮೇಲಣ ಕರುಣೆಯಿಂದಲೇ ಧರ್ಮವು ಮೊಳೆಯುವುದೆಂದು ಬಸವಣ್ಣನವರು ಬೋಧಿಸಿದರು. ಬಲಿಗೆಂದು ಕಟ್ಟಿದ ಕುರಿಯು ತನ್ನ ಸಾವನ್ನರಿಯದೆ ಹಬ್ಬದ ಸೊಪ್ಪನ್ನೇ ಮೇಯುತ್ತಿರುವುದನ್ನು ಕಂಡು ಅವರ ಕರುಳು ಮರುಗಿತು. ಈ ಮರುಕದಲ್ಲಿ ಒಂದು ಸೂಕ್ಷ್ಮವಾದ ತಿಳಿವಳಿಕೆ ಅಡಗಿದೆ. ಪಶುವಿಗೆ ಹಸಿವು ಗೊತ್ತು. ಅದರಾಚೆಯ ಮನುಷ್ಯರ ವ್ಯವಹಾರ ಗೊತ್ತಿಲ್ಲ. ಆನೆಗೆ ಸರ್ವೆ ನಂಬರು ತಿಳಿಯದು. ತನ್ನ ತಾಯಿ ನಡೆದ ದಾರಿಯಲ್ಲಿ ತಾನೂ ನಡೆಯುತ್ತದೆ. ಆ ದಾರಿಯಲ್ಲಿ ಈಗ ಕಾಲುವೆಯಿದೆಯೇ, ತೋಟವಿದೆಯೇ, ರೆಸಾರ್ಟು ಎದ್ದಿದೆಯೇ ಎಂಬುದನ್ನು ಕಾಲಿಟ್ಟ ಮೇಲೆಯೇ ಅರಿಯುತ್ತದೆ. ಆದುದರಿಂದ ಬೆಳೆ ತಿನ್ನುವ ಮೃಗವನ್ನು ಕಳ್ಳನೆಂದು ಕರೆಯುವುದೇ ಮೊದಲ ತಪ್ಪು. ಕಳ್ಳನೆಂದ ಕೂಡಲೇ ಶಿಕ್ಷೆಯ ಮಾತು ಬರುತ್ತದೆ. ಶಿಕ್ಷೆಯ ಮಾತು ಬಂದ ಕೂಡಲೇ ಕೋಪಕ್ಕೆ ಧರ್ಮದ ವೇಷ ದೊರೆಯುತ್ತದೆ.

ಕೆಲವರು ಪಂಚಾಚಾರಗಳಲ್ಲಿ ಗಣಾಚಾರವೂ ಒಂದಲ್ಲವೇ, ಅನ್ಯಾಯವನ್ನು ಸಹಿಸದಿರುವುದೂ ಭಕ್ತನ ಧರ್ಮವಲ್ಲವೇ ಎಂದು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಗಣಾಚಾರವು ತಿಳಿದೂ ಎಸಗುವ ಅನ್ಯಾಯವನ್ನು ಎದುರಿಸುವ ಧೈರ್ಯ. ತಿಳಿಯದ ಪ್ರಾಣಿಯಲ್ಲಿ ಅನ್ಯಾಯವೆಂಬುದಾದರೂ ಎಲ್ಲಿಯದು? ಅದರ ಮುಂದೆ ಸಲ್ಲುವುದು ಭೃತ್ಯಾಚಾರವೇ, ಎಂದರೆ ಈ ಭೂಮಿಗೆ ತಾನು ಒಡೆಯನಲ್ಲ, ಸೇವಕನೆಂಬ ಭಾವವೇ. ಇನ್ನು ಕೆಲವರು ಬೇಡರ ಕಣ್ಣಪ್ಪನನ್ನು ನೆನಪಿಸುತ್ತಾರೆ. ಆತನು ಬೇಟೆಗಾರನಾಗಿದ್ದನಷ್ಟೆ, ಆದರೂ ಪುರಾತನರಲ್ಲಿ ಎಣಿಸಲ್ಪಟ್ಟನಲ್ಲ ಎಂಬುದು ಅವರ ವಾದ. ಕಣ್ಣಪ್ಪನು ಪೂಜ್ಯನಾದುದು ಆತನು ಎಸೆದ ಬಾಣಗಳಿಂದಲ್ಲ. ಕಿತ್ತು ಕೊಟ್ಟ ಕಣ್ಣುಗಳಿಂದ. ಆತನ ಬಿಲ್ಲನ್ನು ಹಿಡಿಯಬಯಸುವವರು ಆತನ ಕೊಡುಗೆಯನ್ನೂ ನೆನೆಯುವುದು ಒಳ್ಳೆಯದು.

ಹಾಗಾದರೆ ಒಕ್ಕಲಿಗನು ಕೈಕಟ್ಟಿ ಕುಳಿತು ಸಾಯಬೇಕೇ? ಶರಣಧರ್ಮವು ಹಾಗೆಂದೂ ಹೇಳಿಲ್ಲ. ದೇಹವನ್ನು ಹಳಿದು ದಂಡಿಸುವ ಮಾರ್ಗ ಶರಣರದಲ್ಲ. ಲಿಂಗವನ್ನು ಧರಿಸಿದ ಅಂಗವು ಪ್ರಸಾದಕಾಯ. ಅದನ್ನು ಕಾಪಾಡುವುದು ಕರ್ತವ್ಯ. ಹಟ್ಟಿಯಲ್ಲಿ ಮಲಗಿದ ಮಗು, ತೋಟದ ಕೆಲಸಕ್ಕೆ ಬಂದ ಹೆಣ್ಣಾಳು, ದನ ಕಾಯುವ ಮುದುಕ, ಇವರ ಮೇಲೆ ಎರಗಿದ ಮೃಗವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಕೋವಿಯೆತ್ತಿದವನು ಧರ್ಮಭ್ರಷ್ಟನಾಗುವುದಿಲ್ಲ. ಹೆದರಿ ಓಡಿ, ಇನ್ನೊಬ್ಬರನ್ನು ಸಾವಿನ ಬಾಯಿಗೆ ಬಿಟ್ಟು, ಬಳಿಕ ಅದನ್ನೇ ಅಹಿಂಸೆಯೆಂದು ಹೇಳಿಕೊಳ್ಳುವವನಿಗಿಂತ ಅವನೇ ಮೇಲು. ಆದರೆ ಅವನು ಮಾಡಿದುದು ದುಃಖದ ಕೆಲಸ, ಹೆಮ್ಮೆಯ ಕೆಲಸವಲ್ಲ. ಕೊಂದ ಮೃಗದ ಬಳಿ ನಿಂತು ಚಿತ್ರ ತೆಗೆಸಿಕೊಳ್ಳುವವನೂ, ಸಂತೆಯಲ್ಲಿ ಆ ಕಥೆಯನ್ನು ಬಣ್ಣಿಸಿ ಹೇಳುವವನೂ ಪ್ರಾಣರಕ್ಷಣೆಯ ಗೆರೆಯನ್ನು ದಾಟಿದವರೇ ಸರಿ.

ಆದುದರಿಂದ ಕೋವಿಯಿರುವ ಮನೆಯ ಭಕ್ತನು ಮದ್ದು ತುಂಬುವ ಮುನ್ನ ತನ್ನನ್ನು ತಾನು ಮೂರು ಮಾತು ಕೇಳಿಕೊಳ್ಳಬೇಕು. ತಾನು ಉಳಿಸಹೊರಟಿರುವುದು ಪ್ರಾಣವನ್ನೋ, ಪದಾರ್ಥವನ್ನೋ? ಕೋವಿಯಲ್ಲದೆ ಬೇರೆ ಉಪಾಯಗಳನ್ನೆಲ್ಲ ಪ್ರಾಮಾಣಿಕವಾಗಿ ಮಾಡಿ ನೋಡಿಯಾಯಿತೋ? ಈಗ ಮಾಡಲಿರುವುದನ್ನು ನಾಳೆ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿರಿಸಿಕೊಂಡು ಮುಚ್ಚುಮರೆಯಿಲ್ಲದೆ ನಿವೇದಿಸಿಕೊಳ್ಳಬಲ್ಲೆನೋ? ಈ ಮೂರಕ್ಕೂ ನೇರವಾದ ಉತ್ತರ ಬಾರದಿದ್ದರೆ ಕೋವಿಯು ಗೂಟದ ಮೇಲೆಯೇ ಇರುವುದು ಲೇಸು.

ಈ ಎಚ್ಚರಿಕೆಗೆ ಲೌಕಿಕವಾದ ಕಾರಣವೂ ಇದೆ. ಬೆಳೆಗಾವಲಿನ ಕೋವಿಯ ಚರೆಯು ಆನೆಯನ್ನು ಕೊಲ್ಲುವುದು ಅಪರೂಪ. ತೊಗಲಿನೊಳಗೆ ಸೇರಿ ಕೀವುಗಟ್ಟಿಸುವುದೇ ಹೆಚ್ಚು. ಆ ನೋವನ್ನು ಹೊತ್ತು ಅಲೆಯುವ ಆನೆ ಮರುದಿನ ಎದುರಾದ ಮನುಷ್ಯನಲ್ಲಿ ಹೊಡೆದವನಾರು, ಹೊಡೆಯದವನಾರು ಎಂದು ವಿಚಾರಿಸುವುದಿಲ್ಲ. ಗುರಿತಪ್ಪಿದ ಒಂದು ಈಡು ಎಷ್ಟು ದೂರ ಹೋಗಬಹುದೆಂಬುದಕ್ಕೆ ಹಿಮಾಲಯದ ತಪ್ಪಲಿನ ಕುಮಾಊಂ ಪ್ರಾಂತದ ಒಂದು ಪ್ರಸಂಗ ಸಾಕ್ಷಿ. 1907ರಲ್ಲಿ ಜಿಮ್ ಕಾರ್ಬೆಟ್ಟರು ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದರು. ಅದು 436 ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಅವರು ಬರೆದಿದ್ದಾರೆ. ಅದರ ಬಾಯನ್ನು ನೋಡಿದಾಗ ಬಲಗಡೆಯ ಕೋರೆಹಲ್ಲುಗಳೆರಡೂ ಮುರಿದಿದ್ದವು, ಹಳೆಯ ಗುಂಡೇಟಿನಿಂದ. ಸಹಜವಾದ ಬೇಟೆ ಅದಕ್ಕೆ ಅಸಾಧ್ಯವಾದುದರಿಂದಲೇ ಅದು ಮನುಷ್ಯರ ಮೇಲೆ ಬಿದ್ದಿತೆಂಬುದು ಅವರ ಅಭಿಪ್ರಾಯ. ಆ ಗುಂಡನ್ನು ಹಾರಿಸಿದವನಾರೋ, ಅವನು ಅಂದು ಮನೆಗೆ ಹೋಗಿ ಉಂಡು ಮಲಗಿರಬೇಕು. ಕರ್ಮದ ಫಲವನ್ನು ಉಂಡವರು ಬೇರೆಯವರು. ಇನ್ನು ರಾತ್ರಿಯ ಕತ್ತಲಲ್ಲಿ ಪೊದೆ ಅಲುಗಿದುದನ್ನೇ ಕಂಡು ಹಂದಿಯೆಂದು ಬಗೆದು ಹಾರಿಸಿದ ಗುಂಡು ನೆರೆಯ ಒಕ್ಕಲಿನವನಿಗೇ ತಗುಲಿದ ದುರಂತಗಳು ಮಲೆನಾಡಿಗೆ ಹೊಸವಲ್ಲ. ಭಯವು ಕಣ್ಣನ್ನು ಕಟ್ಟುತ್ತದೆ. ಕೋವಿಯು ಆ ಕುರುಡು ಭಯಕ್ಕೆ ಕೈ ಕೊಡುತ್ತದೆ.

ಕೋವಿಯನ್ನು ಬೇರೆಯವರ ಕೈಗೆ ಕೊಟ್ಟು ತಾನು ನಿರ್ಮಲನಾಗಿ ಉಳಿದೆನೆಂದು ಭಾವಿಸುವವರೂ ಇದ್ದಾರೆ. ಮನೆಯಲ್ಲಿ ಮಾಂಸ ಬೇಯುವುದಿಲ್ಲ ನಿಜ. ಆದರೆ ಷಿಕಾರಿಯ ಚಪಲವುಳ್ಳ ಗೆಳೆಯನು ಬಂದು ಕೇಳಿದಾಗ, ಹೇಗೂ ಹಂದಿಯ ಕಾಟ ಕಡಮೆಯಾಗುವುದಲ್ಲವೇ ಎಂದು ಕೋವಿಯನ್ನು ಇಳಿಸಿಕೊಡುತ್ತಾರೆ. ಪರವಾನಗಿಯಲ್ಲಿರುವ ಹೆಸರು ಯಾರದು? ಕೊಂದವನ ಕೈಗೆ ಬಲ ಕೊಟ್ಟವನು ಕೊಲೆಯಲ್ಲಿ ಪಾಲುಗಾರನಲ್ಲವೇ? ಕೈ ತೊಳೆದುಕೊಂಡು ಮಡಿಯಾಗುವುದು ಸುಲಭ, ಮನಸ್ಸನ್ನು ತೊಳೆಯುವುದು ಕಷ್ಟವೆಂಬುದನ್ನು ವಚನಗಳನ್ನು ಓದಿದವರಿಗೆ ಹೇಳಬೇಕಾಗಿಲ್ಲ.

ಕೋವಿಯನ್ನು ಬಿಟ್ಟ ಮಾತ್ರಕ್ಕೆ ಹಿಂಸೆ ಬಿಟ್ಟಂತಾಗಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. 2025ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದವು. ಹಸುವನ್ನು ಹುಲಿ ಕೊಂದಿತೆಂಬ ಸಿಟ್ಟಿನಿಂದ ಆ ಹಸುವಿನ ಕಳೇಬರಕ್ಕೇ ವಿಷ ಬೆರೆಸಲಾಗಿತ್ತೆಂದು ತನಿಖೆಯಿಂದ ತಿಳಿದುಬಂದಿತು. ಹುಲಿಯನ್ನೇ ವಾಹನವಾಗಿ ಮಾಡಿಕೊಂಡ ಮಾದಪ್ಪನ ಬೆಟ್ಟವದು. ಅಲ್ಲಿ ಒಂದು ಗುಂಡೂ ಹಾರಲಿಲ್ಲ. ಸದ್ದಿಲ್ಲದೆ ಐದು ಜೀವಗಳು ಹೋದವು. ಹಸುವನ್ನು ಕಳೆದುಕೊಂಡವನ ಸಂಕಟ ಸುಳ್ಳಲ್ಲ. ಒಂದು ಕರೆಯುವ ಹಸುವೆಂದರೆ ಬಡವನ ಮನೆಗೆ ಒಂದು ದುಡಿಮೆಯ ಆಸರೆ. ಆದರೂ ಹುಲಿ ಅಲ್ಲಿ ಯಾರ ಮೇಲೂ ಎರಗುತ್ತಿರಲಿಲ್ಲ. ಅಂದು ಉಳಿಸಬೇಕಾದ ಪ್ರಾಣವಾವುದೂ ಇರಲಿಲ್ಲ. ಉಳಿದಿದ್ದುದು ಸೇಡು ಒಂದೇ. ವಿಷ, ಉರುಳು, ಹಂದಿಗೆಂದು ಇಡುವ ಸಿಡಿಮದ್ದು, ಬೇಲಿಗೆ ಕದ್ದು ಹರಿಸುವ ವಿದ್ಯುತ್ತು, ಇವೆಲ್ಲ ಕೋವಿಗಿಂತ ಕೀಳಾದ ಆಯುಧಗಳು. ಕೋವಿ ಹಿಡಿದವನು ತಾನು ಕೊಲ್ಲುವುದನ್ನು ಕಣ್ಣಾರೆ ಕಾಣಬೇಕು. ಇವನ್ನು ಒಡ್ಡಿದವನು ಮಲಗಿ ನಿದ್ರಿಸಬಹುದು. ಸಾಯುವುದು ಯಾವ ಪ್ರಾಣಿಯೆಂಬುದನ್ನೂ ಅವನು ಅರಿಯನು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಅದು ಕಾಡಂಚಿನವರಿಗೆ ಹೇಳುವ ಮಾತಲ್ಲ, ಪೇಟೆಯಲ್ಲಿರುವ ಭಕ್ತರಿಗೆ ಹೇಳುವ ಮಾತು. ಆನೆಯೂ ಹುಲಿಯೂ ಬದುಕಬೇಕೆಂದು ನಾಡೆಲ್ಲ ಬಯಸುತ್ತದೆ. ಆ ಬಯಕೆಗೆ ಬೆಲೆ ತೆರುವವರು ಮಾತ್ರ ಕಾಡಿನ ಸೆರಗಿನಲ್ಲಿರುವ ಕೆಲವೇ ಒಕ್ಕಲುಗಳು. ಒಬ್ಬರು ದಯೆಯ ಮಾತನಾಡಿ, ಇನ್ನೊಬ್ಬರು ಅದರ ವೆಚ್ಚವನ್ನು ಹೊರುವುದಾದರೆ ಆ ದಯೆ ಬಾಯಿಮಾತಿನದು. ಕಾಯಕದ ಜೊತೆಗೆ ದಾಸೋಹವನ್ನು ಶರಣರು ಕಟ್ಟಿದುದು ಇದಕ್ಕಾಗಿಯೇ. ಆನೆ ಉಂಡ ಭತ್ತವನ್ನು ನಾಡಿನ ದಾಸೋಹವೆಂದು ಕರೆಯುವುದಾದರೆ, ಆ ದಾಸೋಹದ ಅಕ್ಕಿ ಒಬ್ಬನ ಕಣಜದಿಂದ ಮಾತ್ರ ಹೋಗಬಾರದು. ಸರ್ಕಾರದ ಪರಿಹಾರವು ತಡವಾಗಿಯೋ ಕಡಮೆಯಾಗಿಯೋ ಬರುವ ಸಂದರ್ಭಗಳಲ್ಲಿ ಊರವರೂ ಮಠಗಳೂ ನೆರವಾಗಬಹುದು. ಅರ್ಜಿ ಬರೆಯಲರಿಯದವನಿಗೆ ಅರ್ಜಿ ಬರೆದುಕೊಡುವುದು, ಬೆಳೆ ಕಳೆದುಕೊಂಡ ಮನೆಗೆ ಮುಂದಿನ ಬಿತ್ತನೆಯ ಬೀಜವನ್ನು ಒದಗಿಸುವುದು, ಆ ಮನೆಯ ಮಕ್ಕಳನ್ನು ಒಂದು ವರ್ಷ ಮಠದ ವಿದ್ಯಾರ್ಥಿನಿಲಯದಲ್ಲಿರಿಸಿಕೊಳ್ಳುವುದು, ಇವೆಲ್ಲ ಒಂದು ಕೋವಿಯನ್ನು ಗೂಟದ ಮೇಲೆಯೇ ಉಳಿಸಬಲ್ಲ ಸತ್ಕಾರ್ಯಗಳು. ಹಸಿದವನ ಕೋಪವನ್ನು ಉಪದೇಶವು ತಣಿಸಲಾರದು, ಅನ್ನವು ತಣಿಸಬಲ್ಲುದು.

ಕಾಡಂಚಿನವರೂ ಒಂಟಿಯಾಗಿ ಕಾಯುವುದಕ್ಕಿಂತ ಕೂಡಿ ಕಾಯುವುದು ಮೇಲು. ಒಂಟಿಯಾಗಿ ಅಟ್ಟಣೆಯ ಮೇಲೆ ಕುಳಿತವನಿಗೆ ಕೋವಿಯೇ ಜೊತೆಗಾರ. ಹತ್ತು ಮನೆಯವರು ಸರದಿಯಿಂದ ಕಾವಲಿದ್ದರೆ ಮನುಷ್ಯರೇ ಜೊತೆಗಾರರು. ತಮಟೆ, ಪಂಜು, ಪಟಾಕಿಗಳು ಎಲ್ಲ ಕಾಲಕ್ಕೂ ಫಲಿಸಲಾರವು. ಬುದ್ಧಿವಂತ ಪ್ರಾಣಿಯಾದ ಆನೆಯು ಬರಿಯ ಸದ್ದನ್ನು ಬೇಗ ಗುರುತಿಸುತ್ತದೆ. ಸೌರಶಕ್ತಿಯ ಬೇಲಿ, ಆನೆಕಂದಕ, ನಾಗರಹೊಳೆ ಬಂಡೀಪುರಗಳ ಅಂಚಿನಲ್ಲಿ ಕೆಲವೆಡೆ ಹಾಕಿರುವ ರೈಲುಹಳಿಯ ತಡೆ, ಇವು ಹೆಚ್ಚು ಉಪಯುಕ್ತವಾಗಿವೆ. ಆದರೆ ಒಂದು ಕಡೆ ಬೇಲಿ ಬಿದ್ದರೆ, ಕಂದಕದ ಮಣ್ಣು ಕುಸಿದರೆ, ಇಡೀ ಸಾಲೇ ವ್ಯರ್ಥ. ಅದನ್ನು ದಿನವೂ ನೋಡಿ ಸರಿಪಡಿಸುವ ಕೆಲಸ ಕೇವಲ ಇಲಾಖೆಯದೆಂದು ಬಿಟ್ಟರೆ ಆಗದು. ಅದೂ ಒಂದು ಕಾಯಕವೇ. ದನ ಕಾಯುವುದನ್ನೇ ಕಾಯಕವಾಗಿ ನಡೆಸಿದ ತುರುಗಾಹಿ ರಾಮಣ್ಣನೂ ಬೇಸಾಯವನ್ನೇ ಕಾಯಕವಾಗಿ ನಡೆಸಿದ ಒಕ್ಕಲಿಗ ಮುದ್ದಣ್ಣನೂ ಶರಣರ ನಡುವೆ ಸ್ಥಾನ ಪಡೆದರು. ಕಾಯುವುದು, ಎಚ್ಚರವಾಗಿರುವುದು, ಕೈಯಲ್ಲಿರುವುದನ್ನು ಜೋಪಾನ ಮಾಡುವುದು ಕೊಲ್ಲುವುದಕ್ಕಿಂತ ಹೆಚ್ಚು ಕಷ್ಟವಾದ ಕೆಲಸ. ಆದುದರಿಂದಲೇ ಹೆಚ್ಚು ಪೂಜ್ಯವಾದ ಕೆಲಸ.

ಒಂದೇ ಕೈ ಲಿಂಗವನ್ನೂ ಕೋವಿಯನ್ನೂ ಹೊರಬಹುದೇ ಎಂಬ ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹೊರಬಹುದು, ಆದರೆ ಎರಡನೆಯದನ್ನು ಹೊತ್ತಾಗಲೂ ಮೊದಲನೆಯದರ ಭಾರವನ್ನು ಮರೆಯದಿದ್ದರೆ ಮಾತ್ರ. ಪ್ರಾಣಕ್ಕೆ ಪ್ರಾಣವೇ ಅಡ್ಡಬಂದ ಒಂದು ಗಳಿಗೆಯಲ್ಲಿ, ದ್ವೇಷವಿಲ್ಲದೆ, ದುಃಖದಿಂದ, ಬೇರೆ ಗತಿಯಿಲ್ಲದೆ ಎತ್ತಿದ ಕೋವಿಯನ್ನು ಶಿವನು ಕ್ಷಮಿಸಿಯಾನು. ಫಸಲಿಗಾಗಿ, ಸೇಡಿಗಾಗಿ, ಚಪಲಕ್ಕಾಗಿ ಎತ್ತಿದ ಕೋವಿಗೆ ಎಷ್ಟು ವಿಭೂತಿ ಬಳಿದರೂ ಅದು ಶುದ್ಧವಾಗದು. ತಾತನ ಕಾಲದ ಕೋವಿ ಗೂಟದ ಮೇಲೆ ತುಕ್ಕು ಹಿಡಿದರೆ ಆ ಮನೆತನಕ್ಕೆ ಕುಂದಿಲ್ಲ. ಪ್ರತಿದಿನವೂ ಕರಸ್ಥಲಕ್ಕೆ ಬರುವ ಲಿಂಗದ ಮುಂದೆ ತಲೆಯೆತ್ತಿ ಕುಳಿತುಕೊಳ್ಳಲು ಸಾಧ್ಯವಾಯಿತೆಂದರೆ, ಆ ವರ್ಷ ಕಣಜ ಅರ್ಧವೇ ತುಂಬಿದ್ದರೂ ಆ ಮನೆ ತುಂಬಿದ ಮನೆಯೇ ಸರಿ.